ಸ್ಟಾಫ್ ಬಸ್ಸಿನ ಬ್ರಿಕ್ ಗೇಮ್

ತೊಂಬತ್ತರ ದಶಕದಲ್ಲಿ ನಾನು ದೋಣಿಮಲೈಯ ಗಣಿ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದೆ. ಸಂಡೂರಿನಲ್ಲಿ ಒಂದು ಕೋಣೆ ಹಿಡಿದು ಮೂವರು ಹುಡುಗಿಯರು ಇದ್ದೆವು. ನಾನು, ಅದೇ ಆಫೀಸಿನ ಟೈಪಿಸ್ಟ್, ಮತ್ತೆ ಗಣಿಯವರ ಟೌನ್‌ಶಿಪ್ಪಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಒಬ್ಬ ಟೀಚರು. ಟೈಪಿಸ್ಟ್ ಕಂಪ್ಲಿ ಹತ್ತಿರದ ಮೆಟ್ರಿಯವಳು. ಕಾಲುವೆ ನೀರಿನ ಗದ್ದೆಯಿದ್ದ ಮನೆ, ಅನ್ನಕ್ಕೆ ಕೊರತೆಯಿಲ್ಲ. ಆದರೆ ಅವಳ ಮನೆತನದಲ್ಲಿ ಕುರ್ಚಿಯ ಮೇಲೆ ಕೂತು ಕೆಲಸ ಮಾಡಿದ ಮೊದಲ ಹೆಣ್ಣು ಅವಳೇ.

ಬ್ರಿಕ್ ಗೇಮ್ ತಂದವಳು ಟೀಚರು. ತಮ್ಮನಿಗೆಂದು ಹೊಸಪೇಟೆಯಲ್ಲಿ ಕೊಂಡಿದ್ದಳು, ಅವನ ಕೈಗೆ ಅದು ಸೇರಲೇ ಇಲ್ಲ. ಅಂಗೈಯಗಲದ ಬೂದು ಪರದೆ. ಮೇಲಿನಿಂದ ಇಟ್ಟಿಗೆ ತುಂಡುಗಳು ಒಂದೊಂದಾಗಿ ಇಳಿಯುತ್ತಿದ್ದವು. ತಿರುಗಿಸಿ ಸಂದಿಗೆ ಕೂಡಿಸಬೇಕು; ಸಾಲು ತುಂಬಿದರೆ ಮಾಯ, ತುಂಬದಿದ್ದರೆ ಗೋಡೆ ತಲೆಯ ಮಟ್ಟಕ್ಕೆ ಏರಿ ಆಟ ಮುಗಿದುಹೋಗುತ್ತಿತ್ತು. ಉದ್ದನೆಯದಕ್ಕೆ ಕಡ್ಡಿ, ಚೌಕದ್ದಕ್ಕೆ ಪೆಟ್ಟಿಗೆ, ಬಾಗಿದ್ದಕ್ಕೆ ಕುಡುಗೋಲು ಎಂದು ನಾವೇ ಹೆಸರಿಟ್ಟಿದ್ದೆವು.

ಬೆಳಿಗ್ಗೆ ಸ್ಟಾಫ್ ಬಸ್ಸಿನ ಹಿಂದಿನ ಸೀಟು ನಮ್ಮದು. ಕಿಟಕಿಗೆಲ್ಲ ಅದಿರಿನ ಕೆಂಪು ಧೂಳು. ಟೈಪಿಸ್ಟ್ ಆಡಲು ಕೂತರೆ ನಾವಿಬ್ಬರೂ ಅವಳ ಹೆಗಲ ಮೇಲೆ ಬೀಳುತ್ತಿದ್ದೆವು.

"ಕಡ್ಡಿ ಬಂತಲೇ, ಜಲ್ದಿ ತಿರುಗ್ಸ!"

"ನೀ ಸುಮ್ನ ಕುಂದ್ರ. ನನಗ ಕಾಣ್ತೈತಿ."

ಟೈಪ್ ಮಾಡಿ ಪಳಗಿದ ಬೆರಳು. ನಾವಿಬ್ಬರೂ ಸೋತು ಕೂತರೂ ಅವಳ ಆಟ ಗಣಿಯ ಗೇಟಿನವರೆಗೂ ನಡೆಯುತ್ತಿತ್ತು. ಮುಂದಿನ ಸೀಟಿನ ಹಿರಿಯ ಫೋರ್‌ಮನ್ ಒಬ್ಬರು ತಿರುಗಿ, "ಎಷ್ಟಾತವ್ವ ಇವತ್ತು?" ಎಂದು ದಿನಾ ಕೇಳುತ್ತಿದ್ದರು. ನನ್ನ ಜೀವನದಲ್ಲಿ ಅಷ್ಟು ನಕ್ಕ ದಿನಗಳು ಬೇರೆ ಇಲ್ಲ.

ಒಂದು ಬೇಸಿಗೆಯಲ್ಲಿ ಅವಳು ಸೋಲತೊಡಗಿದಳು. ಪರದೆಯನ್ನು ಓರೆ ಹಿಡಿದು, ಮುಖ ಒಂದು ಕಡೆ ತಿರುಗಿಸಿ, ಕಣ್ಣಂಚಿನಿಂದ ನೋಡುತ್ತಿದ್ದಳು. ನಾವು ಅದನ್ನೂ ತಮಾಷೆ ಮಾಡಿದೆವು. "ಏನೇ, ಇಟ್ಟಿಗಿಗೆ ಕಣ್ಣು ಹೊಡೀತಿ?" ಎಂದಳು ಟೀಚರು. ಅವಳೂ ನಕ್ಕಳು. ಆಮೇಲೆ ಆಫೀಸಿನಲ್ಲಿ ಅವಳು ಟೈಪ್ ಮಾಡಿದ ಪತ್ರಗಳಲ್ಲಿ ತಪ್ಪುಗಳು ಕಾಣಿಸಿಕೊಂಡವು. ಸಾಲು ಬಿಟ್ಟುಹೋಗುತ್ತಿತ್ತು. ನಾನು ಕದ್ದು ತಿದ್ದಿಕೊಟ್ಟೆ. ಒಂದು ಮಧ್ಯಾಹ್ನ ಡಬ್ಬಿ ಬಿಚ್ಚುತ್ತ ಅವಳು ಮೆಲ್ಲಗೆ ಹೇಳಿದಳು: "ನಿನ್ನ ಮುಖ ನೋಡಿದ್ರ ಮುಖಾನ ಕಾಣವಲ್ದು. ನಿನ್ನ ಕಿವಿ ಕಾಣ್ತೈತಿ, ಓಲಿ ಕಾಣ್ತೈತಿ. ನಡುವ ಏನೂ ಇಲ್ಲ."

ಮರುದಿನವೇ ಇಬ್ಬರೂ ರಜೆ ಹಾಕಿ ಬಳ್ಳಾರಿಗೆ ಹೋದೆವು. ಕಣ್ಣಿನ ಡಾಕ್ಟರು ಬಹಳ ಹೊತ್ತು ಪರೀಕ್ಷೆ ಮಾಡಿದರು. "ಕಣ್ಣಿನ ಹಿಂದಿನ ಪರದೆ ಸವೀತಾ ಇದೆ. ಹುಟ್ಟಿನಿಂದಲೇ ಬಂದದ್ದು. ಬದಿಯ ನೋಟ ಉಳಿಯುತ್ತೆ, ನಡುವಿನದು ಹೋಗುತ್ತೆ," ಎಂದರು.

"ಚಸ್ಮಾ ಹಾಕ್ಕೊಂಡ್ರರೀ?" ಎಂದು ಅವಳು ಕೇಳಿದಳು.

"ಚಸ್ಮಾದಿಂದ ಆಗಲ್ಲಮ್ಮ. ಆಪರೇಷನ್ನೂ ಇಲ್ಲ."

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಅಳಲಿಲ್ಲ. ಅಂಗಡಿಗಳ ಬೋರ್ಡುಗಳನ್ನು ಓದಲು ನೋಡುತ್ತಿದ್ದಳು. ಮೊದಲಕ್ಷರ ಸಿಕ್ಕರೆ ಮಿಕ್ಕದ್ದು ಸಿಗುತ್ತಿರಲಿಲ್ಲ. ನಾನು ಓದಿ ಹೇಳಲೇ ಎಂದು ಕೇಳಬೇಕಿತ್ತು. ಕೇಳಲಿಲ್ಲ.

ಕೆಲಸ ಬಿಡು ಎಂದು ಯಾರೂ ಹೇಳಲಿಲ್ಲ. ತಾನೇ ರಾಜೀನಾಮೆ ಕೊಟ್ಟಳು, ಆ ಅರ್ಜಿಯನ್ನು ಟೈಪ್ ಮಾಡಿದವಳು ನಾನು. ಅವಳ ಅಣ್ಣ ಬಂದು ಟ್ರಂಕು ಹೊತ್ತುಕೊಂಡು ಹೋದ.

ಸುಗ್ಗಿ ಮುಗಿದ ಮೇಲೆ ನಾನೂ ಟೀಚರೂ ಮೆಟ್ರಿಗೆ ಹೋದೆವು. ಅವಳ ತಾಯಿ "ಬರ್ರಿ, ಕುಂದ್ರಿ" ಎಂದು ಚಾಪೆ ಹಾಸಿದರು. ಟೀಚರು ಬ್ರಿಕ್ ಗೇಮನ್ನು ತಂದಿದ್ದಳು. ಗೆಳತಿ ಬ್ಯಾಡ ಎಂದರೂ ಅವಳ ಕೈಗಿಟ್ಟಳು. ನಾವು ಹೇಳೋದು, ಅವಳು ಗುಂಡಿ ಒತ್ತೋದು ಎಂದು ಮಾತಾಯಿತು.

"ಕುಡುಗೋಲು. ಎಡಕ್ಕ ಎರಡು ಮನಿ. ತಿರುಗ್ಸ. ಬಿಡು!"

ಮೊದಲು ಎರಡು ಸಾಲು ಹೋದವು. ಅವಳ ಮುಖದಲ್ಲಿ ಹಳೆಯ ನಗು ಬಂತು. ಆಮೇಲೆ ಇಟ್ಟಿಗೆಗಳ ಓಟ ಹೆಚ್ಚಾಯಿತು. ನಮ್ಮ ಬಾಯಿ ಅದರ ಹಿಂದೆ ಬಿತ್ತು. ಇಬ್ಬರೂ ಒಟ್ಟಿಗೆ ಕೂಗಿದ್ದರಿಂದ ಅವಳಿಗೆ ಯಾವುದೂ ತಿಳಿಯಲಿಲ್ಲ. ಗೋಡೆ ಮೇಲಕ್ಕೇರಿತು, ಆಟ ಮುಗಿದಾಗ ಬರುವ ಆ ಹಾಳು ಪೀಪಿ ಸದ್ದು ಕೇಳಿಸಿತು.

"ಇನ್ನೊಂದು ಸಲ ನೋಡೂಣ," ಎಂದಳು ಟೀಚರು.

"ಬ್ಯಾಡ ಬಿಡ್ರೇ. ನಿಮ್ಮ ಆಟ ನಾ ಆಡಿದಂಗಾತು, ಅಷ್ಟ," ಎಂದು ಅದನ್ನು ಚಾಪೆಯ ಮೇಲಿಟ್ಟಳು.

ಮತ್ತೆ ನಾವು ಹೋಗಲಿಲ್ಲ. ಟೀಚರಿಗೆ ಮದುವೆಯಾಯಿತು, ಊರು ಬಿಟ್ಟಳು. ನನಗೆ ಟೌನ್‌ಶಿಪ್ಪಿನಲ್ಲೇ ಕ್ವಾರ್ಟರ್ಸ್ ಸಿಕ್ಕಿತು. ಒಂದೆರಡು ವರ್ಷದ ಮೇಲೆ ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಮೆಟ್ರಿಯ ಗೆಳತಿಯ ಅಣ್ಣ ಸಿಕ್ಕ. ಈಗ ಎಲ್ಲರನ್ನೂ ದನಿಯಿಂದಲೇ ಗುರುತು ಹಿಡಿಯುತ್ತಾಳೆ ಎಂದ. "ನಿಮ್ಮನ್ನ ಭಾಳ ಕೇಳ್ತಾಳ್ರಿ. ಯಾವಾಗ ಬರ್ತೀರಿ?"

"ಬರೋ ತಿಂಗಳು ಬರ್ತೀನ್ರಿ," ಎಂದೆ. ಹೇಳುವಾಗಲೇ ಹೋಗುವುದಿಲ್ಲವೆಂದು ನನಗೆ ಗೊತ್ತಿತ್ತು. ಅವನಿಗೂ ಗೊತ್ತಾಗಿರಬೇಕು. ತಲೆಯಾಡಿಸಿ, ಕಂಪ್ಲಿ ಬಸ್ಸು ಹತ್ತಿದ.