ಮೂರು ದೀಪಗಳ ಬುರುಲ್ಚಾ

ನಾರಿನ್ ಪಟ್ಟಣದ ಬಜಾರಿನ ಹಿಂದೆ ಫೋಟೊ ಸ್ಟುಡಿಯೊ ಇಟ್ಟುಕೊಂಡಿದ್ದ ಬುರುಲ್ಚಾ ಹುಟ್ಟು ಪುಕ್ಕಲಿ. ನಾಯಿ ಕಂಡರೆ ಹೆದರುತ್ತಿದ್ದಳು, ಹೊಳೆ ದಾಟುವಾಗ ಕಣ್ಣು ಮುಚ್ಚುತ್ತಿದ್ದಳು, ಬಾಗಿಲ ಗಂಟೆ ಬಾರಿಸಿದರೆ ಕೈಯಲ್ಲಿದ್ದ ಚಹಾ ತುಳುಕುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಹೆದರಿಕೆಯೆಂದರೆ ಒಮ್ಮೆ ಮಾಡಿದ್ದನ್ನು ಮತ್ತೆ ತಿದ್ದಲಾಗದೆ ಹೋದರೆ ಎಂಬುದು. ಗಂಡನಿದ್ದಾಗ ಫಿಲ್ಮಿನ ಕಾಲ. ಮುಖದ ಮೇಲೆ ನೆರಳು ತಪ್ಪಿ ಬಿದ್ದರೆ ಬಿದ್ದದ್ದೇ. ಒಂದು ಮದುವೆಯ ಚಿತ್ರ ಹಾಗೆ ಕೆಟ್ಟು, ಮದುಮಗಳ ಅತ್ತೆ ಬಂದು ಕೂಗಾಡಿದ ದಿನ ಬುರುಲ್ಚಾಗೆ ಜ್ವರವೇ ಬಂದಿತ್ತು.

ಗಂಡ ತೀರಿಕೊಂಡು ಡಿಜಿಟಲ್ ಕ್ಯಾಮೆರಾ ಕೈಗೆ ಬಂದ ಮೇಲೆ ಅವಳು ಈ ಹೆದರಿಕೆಗೊಂದು ಮದ್ದು ಕಂಡುಕೊಂಡಳು. ಕೂತವರ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು, ಬೆನ್ನ ಹಿಂದೆ ನೀಲಿ. ಚಿತ್ರವನ್ನು ಬಣ್ಣದಲ್ಲೇ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಕಪ್ಪು-ಬಿಳುಪು ಮಾಡುತ್ತಿದ್ದಳು. ಆಗ ಕೆಂಪನ್ನು ತಗ್ಗಿಸಿದರೆ ಎಡಗಡೆಯ ದೀಪ ಆರಿದಂತೆ. ಹಸಿರನ್ನು ಏರಿಸಿದರೆ ಬಲಗಡೆಯದು ಜೋರಾಗಿ ಉರಿದಂತೆ. ಕೂತವರು ಎದ್ದು ಮನೆ ಸೇರಿದ ಮೇಲೂ ಅವರ ಮುಖದ ಬೆಳಕು ಅವಳ ಕೈಯಲ್ಲೇ ಇರುತ್ತಿತ್ತು.

"ಮನುಷ್ಯರಿಗೆ ಮೂರು ಬಣ್ಣ ಬಳಿದು ಕೊನೆಗೆ ಬೂದಿ ಬಣ್ಣದ ಫೋಟೊ ಕೊಡ್ತೀಯಲ್ಲೇ, ಇದೇನು ಸರ್ಕಸ್ಸಾ?" ಎಂದು ಪಕ್ಕದ ರೊಟ್ಟಿ ಅಂಗಡಿಯ ಜುಮಾಗುಲ್ ಛೇಡಿಸುತ್ತಿದ್ದಳು.

"ಸರ್ಕಸ್ಸೇ ಇರ್ಲಿ ಬಿಡು. ತಪ್ಪಾದ್ರೆ ತಿದ್ದಬೋದಲ್ಲ."

ಆ ಚಳಿಗಾಲ ಊರಿನ ಹೆಂಗಸರ ಹೊಲಿಗೆ ಮನೆಯವರು ಕ್ಯಾಲೆಂಡರಿಗೆಂದು ತಮ್ಮ ತಮ್ಮ ಚಿತ್ರ ತೆಗೆಸಲು ಬಂದರು. ಅವರಲ್ಲಿ ಸೈಕಾಲ್ ಎಂಬ ಸಣ್ಣ ವಯಸ್ಸಿನವಳು ಕೊನೆಯವರೆಗೂ ಬಾಗಿಲ ಬಳಿಯೇ ನಿಂತಿದ್ದು, ಉಳಿದವರು ಹೊರಟ ಮೇಲೆ ಹತ್ತಿರ ಬಂದಳು.

"ನಂದೂ ಒಂದು ಇರ್ಲಿ ಅಕ್ಕ. ಎಲ್ಲರ ಜೊತೆ ನಾನೂ ಇರ್ಬೇಕು ಅಂತ ಆಸೆ. ಆದ್ರೆ ಯಾರಿಗೂ ಗುರ್ತು ಸಿಗಬಾರ್ದು."

ಆತ್-ಬಾಶಿ ಕಡೆಯ ಒಂದು ಮನೆಯವರು ಅವಳನ್ನು ದಾರಿಯಲ್ಲೇ ಕಾರಿಗೆ ಎಳೆದುಕೊಂಡು ಹೋಗಿ, ತಲೆಗೆ ಮದುವೆಯ ಬಿಳಿ ವಸ್ತ್ರ ಹೊದಿಸಿ ಸೊಸೆ ಮಾಡಿಕೊಂಡಿದ್ದರು. ಹೊಡೆತ ತಾಳಲಾರದೆ ಅವಳು ಓಡಿಬಂದಿದ್ದಳು. ಹೊಲಿಗೆ ಮನೆಯಲ್ಲೇ ಅವಳ ಊಟ, ನಿದ್ದೆ ಎಲ್ಲ. ಬುರುಲ್ಚಾಳೂ ಹಾಗೆ ಎಳೆದು ತರಲ್ಪಟ್ಟ ಸೊಸೆಯೇ. ಗಂಡ ಒಳ್ಳೆಯವನಾದದ್ದು ಅವಳ ಅದೃಷ್ಟ. ಆದರೂ ಕಾರಿನ ಬಾಗಿಲು ದಢಾರನೆ ಮುಚ್ಚಿದರೆ ಈಗಲೂ ಅವಳ ಉಸಿರು ನಿಲ್ಲುತ್ತಿತ್ತು.

ಅವಳು ತನ್ನ ಶಾಲನ್ನೇ ಸೈಕಾಲ್‌ಳ ತಲೆಗೆ ಸುತ್ತಿ ಕೂರಿಸಿದಳು. ಕಂಪ್ಯೂಟರಿನಲ್ಲಿ ಕೆಂಪು, ಹಸಿರು ಎರಡನ್ನೂ ಪೂರ್ತಿ ಇಳಿಸಿದಾಗ ಉಳಿದದ್ದು ನೀಲಿ ದೀಪದ ಬೆಳಕು ಮಾತ್ರ: ಶಾಲಿನ ಅಂಚಿಗೆ, ಹೆಗಲಿಗೆ ಒಂದು ಬಿಳಿ ಗೆರೆ, ನಡುವೆ ಕಗ್ಗತ್ತಲು. ಸೈಕಾಲ್ ನೋಡಿ ನಕ್ಕಳು.

ಕ್ಯಾಲೆಂಡರು ಬಜಾರಿನ ಅಂಗಡಿಗಳಲ್ಲಿ ನೇತುಬಿದ್ದ ಕೆಲವೇ ದಿನಗಳಲ್ಲಿ, ಹಾಡಹಗಲೇ, ಒಬ್ಬ ಗಂಡಸು ಸ್ಟುಡಿಯೊದ ಗಂಟೆ ಬಾರಿಸಿದ. ಟೋಪಿ ತೆಗೆದು ಮರ್ಯಾದೆಯಿಂದ ನಮಸ್ಕರಿಸಿ, ಕೊಟ್ಟ ಚಹಾ ಕುಡಿದು, ಜೇಬಿನಿಂದ ಮಡಿಸಿದ ಹಾಳೆ ತೆಗೆದು ಮೇಜಿನ ಮೇಲೆ ಹರಡಿದ. ಸೈಕಾಲ್‌ಳ ಪುಟ.

"ನಾನು ತೊಲೋಗೊನ್ ಅಂತ, ಆತ್-ಬಾಶಿಯವನು. ನನ್ನ ತಮ್ಮನ ಹೆಂಡ್ತಿ ಮನೆ ಬಿಟ್ಟು ಹೋಗಿದಾಳೆ. ಹೊಲಿಗೆ ಮನೆ ಕಡೆ ಯಾರೋ ನೋಡಿದ್ರಂತೆ. ಇದು ಅವಳೇನಾ ಅಕ್ಕ?"

"ಮುಖಾನೇ ಇಲ್ವಲ್ಲಪ್ಪ ಇದ್ರಲ್ಲಿ."

"ಹಾಳೇಲಿ ಇಲ್ಲ. ನಿಮ್ಮ ಕಂಪ್ಯೂಟರಲ್ಲಿ ಇದೆ." ಅವನ ದನಿ ಏರಲಿಲ್ಲ. "ಮೊಬೈಲ್ ಅಂಗಡಿ ಹುಡುಗ ಎಲ್ಲ ಹೇಳ್ದ. ನೀವು ಬಣ್ಣದ ದೀಪ ಹಾಕಿ ತೆಗೀತೀರಂತೆ, ಆಮೇಲೆ ಬೇಕಾದ ಬೆಳಕು ಏರಿಸ್ತೀರಂತೆ. ಏರಿಸಿ, ನೋಡೋಣ. ಮುಖ ಗೊತ್ತಾದ್ರೆ ಇಲ್ಲಿಂದ ನೆಟ್ಟಗೆ ಅಲ್ಲಿಗೇ ಹೋಗ್ತೀನಿ."

ಬುರುಲ್ಚಾ ಖಾಲಿ ಲೋಟವನ್ನು ಎತ್ತಿ ಪಕ್ಕಕ್ಕಿಟ್ಟಳು. ಇಷ್ಟು ವರ್ಷ ತನ್ನನ್ನು ಕಾಪಾಡಿದ ಉಪಾಯವೇ ಈಗ ಆ ಹುಡುಗಿಯ ಕುತ್ತಿಗೆಗೆ ಬಂದಿತ್ತು. ಇಲ್ಲ ಎಂದರೆ ಅನುಮಾನ ಗಟ್ಟಿಯಾಗುತ್ತದೆ, ಅಳಿಸಿಬಿಟ್ಟೆ ಎಂದರೂ ಅಷ್ಟೇ. ಕಿಟಕಿಯಾಚೆ ನಿಂತಿದ್ದ ಕಾರಿನಲ್ಲಿ ಇನ್ನಿಬ್ಬರು ಕೂತಿದ್ದರು. ಅವಳು ಕಂಪ್ಯೂಟರಿನ ಮುಂದೆ ಕೂತಳು. ಪರದೆ ಅವಳ ಕಡೆಗಿತ್ತು. ಅಂದಿನ ಚಿತ್ರಗಳು ಸಾಲಾಗಿ ತೆರೆದುಕೊಂಡವು. ಸೈಕಾಲ್‌ಳ ಮುಖ ಕೆಂಪು-ಹಸಿರಾಗಿ ಹೊಳೆಯುತ್ತಿತ್ತು. ಅದರ ಹಿಂದಿನದು ಬುರುಲ್ಚಾಳದೇ ಚಿತ್ರ. ದೀಪ ಸರಿಯಿದೆಯೇ ಎಂದು ನೋಡಲು, ಸೈಕಾಲ್‌ಗೆ ಸುತ್ತುವ ಮೊದಲು ಅದೇ ಶಾಲು ತಲೆಗೆ ಹೊದ್ದು ಅದೇ ಕುರ್ಚಿಯಲ್ಲಿ ತಾನೇ ಕೂತು ತೆಗೆದುಕೊಂಡದ್ದು.

ಅದನ್ನು ತೆರೆದು, ಕಪ್ಪು-ಬಿಳುಪು ಮಾಡಿ, ಎರಡೂ ಬಣ್ಣ ಇಳಿಸಿ, ಪರದೆಯನ್ನು ಅವನ ಕಡೆ ತಿರುಗಿಸಿದಳು. ಕತ್ತಲು, ಸುತ್ತ ಬಿಳಿ ಗೆರೆ.

"ಇದೇ ತಾನೆ?"

"ಹೂಂ. ಏರಿಸಿ."

ಕೆಂಪು ಏರಿದಂತೆ ಒಂದು ಕೆನ್ನೆ ಮೂಡಿತು. ಹಸಿರು ಏರಿದಂತೆ ಇನ್ನೊಂದು. ಸುಕ್ಕು ಬಿದ್ದ ಕಣ್ಣು, ದಪ್ಪ ಮೂಗು. ತೊಲೋಗೊನ್ ಪರದೆ ನೋಡಿದ, ಅವಳನ್ನು ನೋಡಿದ.

"ನೀವು."

"ನಾನೇ. ಒಬ್ಬಳು ಬರ್ಲಿಲ್ಲ. ಒಂದು ಪುಟ ಖಾಲಿ ಉಳೀತಿತ್ತು, ನಾನೇ ಕೂತೆ. ಈ ಮುದಿ ಮುಖ ಯಾರು ನೋಡ್ತಾರೆ ಅಂತ ಕತ್ತಲೆ ಮಾಡ್ದೆ."

ಅವನು ಹಾಳೆಯನ್ನು ಪರದೆಯ ಪಕ್ಕ ಹಿಡಿದು ಬಹಳ ಹೊತ್ತು ನೋಡಿದ. "ಹೆಗಲು ಹಾಳೇಲಿ ಸಣ್ಣ ಇದ್ದಂಗಿದೆ."

"ಅಚ್ಚಲ್ಲಿ ಹಾಗೇ ಕಾಣ್ಸುತ್ತೆ. ಬೇಕಿದ್ರೆ ಆ ಕುರ್ಚೀಲಿ ಕೂತ್ಕೋ, ನಿನ್ನದೂ ತೆಗ್ದು ತೋರಿಸ್ತೀನಿ. ಬಾ." ಈ ಮಾತು ತನ್ನ ಬಾಯಿಂದ ಹೇಗೆ ಬಂತೋ ಅವಳಿಗೇ ತಿಳಿಯಲಿಲ್ಲ.

ತೊಲೋಗೊನ್ ಮೂರು ದೀಪಗಳ ಕಡೆ ನೋಡಿ ಒಂದು ಹೆಜ್ಜೆ ಹಿಂದೆ ಸರಿದ. "ನನ್ನ ಫೋಟೊ ಇಲ್ಲಿ ಯಾಕೆ? ಬೇಡ." ಟೋಪಿ ಹಾಕಿಕೊಂಡ. "ಸುಳ್ಳಾಗಿದ್ರೆ ಮತ್ತೆ ಬರ್ತೀನಿ ಅಕ್ಕ."

ಕಾರು ಹೊಲಿಗೆ ಮನೆಯ ಕಡೆ ತಿರುಗದೆ ಹೆದ್ದಾರಿ ಹಿಡಿದದ್ದನ್ನು ನೋಡಿದ ಮೇಲೆಯೇ ಬುರುಲ್ಚಾ ನೆಲಕ್ಕೆ ಕೂತಳು. ಎದ್ದ ಕೂಡಲೆ ಸೈಕಾಲ್‌ಳ ಬಣ್ಣದ ಚಿತ್ರವನ್ನು ಅಳಿಸಿದಳು. ಮತ್ತೆ ಸಿಗುವುದಿಲ್ಲ, ಅಳಿಸಲೇ ಎಂದು ಕಂಪ್ಯೂಟರು ಕೇಳಿತು. ಹೌದು ಒತ್ತಿದಳು. ಸಂಜೆಯೊಳಗೆ ಜುಮಾಗುಲ್‌ಳ ಗಂಡ ತನ್ನ ಹಿಟ್ಟಿನ ಲಾರಿಯಲ್ಲಿ ಸೈಕಾಲ್‌ಳನ್ನು ರಾಜಧಾನಿ ಬಿಷ್ಕೆಕ್‌ಗೆ ಕರೆದೊಯ್ದ.

ತೊಲೋಗೊನ್ ಮತ್ತೆ ಬರಲಿಲ್ಲ. ಆದರೆ ಬರುತ್ತಾನೆಂದು ಬುರುಲ್ಚಾ ಆ ಚಳಿಗಾಲವಿಡೀ ಕಾದಳು. ಬಾಗಿಲಿಗೆ ಇನ್ನೊಂದು ಚಿಲಕ ಹಾಕಿಸಿದಳು.

ಬೇಸಿಗೆಯಲ್ಲಿ ಸೈಕಾಲ್ ಫೋನ್ ಮಾಡಿದಳು. ಬೇರೊಂದು ಹೊಲಿಗೆ ಅಂಗಡಿಯಲ್ಲಿ ಕೆಲಸ ಸಿಕ್ಕಿತ್ತು. "ಅಕ್ಕ, ಆ ಫೋಟೊದಲ್ಲಿ ನನ್ನ ಮುಖ ಇತ್ತಲ್ಲ, ಅದು ಬೇಕಿತ್ತು. ಅಮ್ಮನಿಗೆ ಕಳಿಸೋಕೆ."

"ಅಳಿಸಿಬಿಟ್ಟೆ ಕಣೆ. ನೀನಿನ್ನು ಈ ಕಡೆ ಬರ್ಬೇಡ. ನಾನೇ ಬಂದು ಇನ್ನೊಂದು ತೆಗೀತೀನಿ."

ಹೇಳಿಬಿಟ್ಟ ಮೇಲೆ ಗಾಬರಿಯಾಯಿತು. ಬಿಷ್ಕೆಕ್‌ಗೆ ಹೋಗಲು ದೊಲೋನ್ ಘಾಟಿಯ ದಾರಿ ಹತ್ತಬೇಕು. ಅದನ್ನು ನೆನೆದರೇ ಅವಳಿಗೆ ತಲೆ ಸುತ್ತುತ್ತಿತ್ತು. ಆದರೂ ದೀಪಗಳನ್ನು ರಜಾಯಿಯಲ್ಲಿ ಸುತ್ತಿ ಬಾಡಿಗೆ ವ್ಯಾನು ಹತ್ತಿದಳು. ತಿರುವು ತಿರುವಿಗೂ ಪಕ್ಕದ ಅಪರಿಚಿತ ಅಜ್ಜಿಯ ತೋಳು ಹಿಡಿದುಕೊಂಡಳು.

"ಪ್ರಾಣ ಹೋಗುತ್ತೆ ಅನ್ಕೊಂಡ್ಯೇನೆ? ನನ್ನ ತೋಳು ಹೋಗ್ತಿದೆ ಮೊದ್ಲು," ಎಂದು ಅಜ್ಜಿ ಗೊಣಗಿ, ಬಾಯಿಗೊಂದು ಒಣ ಮೊಸರಿನ ಉಂಡೆ ಇಟ್ಟಳು.

ಬುರುಲ್ಚಾ ಅದನ್ನು ಚೀಪುತ್ತ, ಕಣ್ಣು ಮುಚ್ಚಿಕೊಂಡೇ, ಇಳಿಜಾರು ಬರುವುದನ್ನು ಕಾದಳು.