ಐದನೆಯ ಮಾತು

ನಮ್ಮ ಸಭೆಯಲ್ಲಿ ಶುಭ ಶುಕ್ರವಾರದ ಆರಾಧನೆ ಮಧ್ಯಾಹ್ನ ಹನ್ನೆರಡಕ್ಕೆ ಆರಂಭವಾಗಿ ಮೂರಕ್ಕೆ ಮುಗಿಯುತ್ತದೆ. ಶಿಲುಬೆಯ ಮೇಲಿಂದ ಕರ್ತನು ಆಡಿದ ಏಳು ಮಾತುಗಳನ್ನು ಸಭೆಯ ಏಳು ಮಂದಿ ಒಬ್ಬರಾದ ಮೇಲೊಬ್ಬರು ಎದ್ದು ವಿವರಿಸುತ್ತಾರೆ. ಐದನೆಯದು ಬಾಯಾರಿಕೆಯ ಮಾತು, ‘ನನಗೆ ಬಾಯಾರಿಕೆಯಾಗಿದೆ’ ಎಂಬುದು. ಹನ್ನೊಂದು ವರ್ಷ ಅದು ನನ್ನದಾಗಿತ್ತು.

ಆ ಮಾತಿಗೆ ನಮ್ಮಲ್ಲೊಂದು ಪದ್ಧತಿ ಅಂಟಿಕೊಂಡಿದೆ. ಅಂದು ಬೆಳಗಿನಿಂದ ಮೂರು ಗಂಟೆಯವರೆಗೆ ಸಭೆಯವರು ಯಾರೂ ಹನಿ ನೀರು ಕುಡಿಯುವುದಿಲ್ಲ. ಆರಾಧನೆ ಮುಗಿದ ಮೇಲೆ, ಐದನೆಯ ಮಾತನ್ನು ವಿವರಿಸಿದವರು ಬಾಗಿಲ ಬಳಿ ಹಿತ್ತಾಳೆಯ ಕೊಡ ಇಟ್ಟುಕೊಂಡು ನಿಂತು, ಹೊರಬರುವ ಪ್ರತಿಯೊಬ್ಬರಿಗೂ ಒಂದೊಂದು ಲೋಟ ನೀರು ಕೊಡಬೇಕು. ಎಲ್ಲರೂ ಕುಡಿದಾದ ಮೇಲೆ ಕಟ್ಟಕಡೆಯದಾಗಿ ತಾವು ಕುಡಿಯಬೇಕು. ಇಲ್ಲಿ ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಆಳದಿಂದ ಮೇಲೆ ಬಂದವರಿಗೆ ಹೀಗೆಯೇ ನೀರು ಕೊಡುತ್ತಿದ್ದರು, ಅಲ್ಲಿಂದ ಬಂದ ರೂಢಿ ಇದು ಎಂದು ಹಿರಿಯರು ಹೇಳುತ್ತಾರೆ. ಆ ಕೊಡದ ಪಕ್ಕದಲ್ಲಿ ನಿಲ್ಲುವುದು ನನಗೆ ವರ್ಷದ ಅತ್ಯಂತ ಪ್ರಿಯವಾದ ಗಳಿಗೆಯಾಗಿತ್ತು. ನನ್ನ ಕೈಯಿಂದ ನೀರು ಕುಡಿದ ಮುದುಕರು ನನ್ನ ತಲೆ ಮುಟ್ಟುತ್ತಿದ್ದರು. ಕೊನೆಯ ಲೋಟವನ್ನು ನಾನು ಎತ್ತುವಾಗ ಎಲ್ಲರೂ ನೋಡುತ್ತಿರುತ್ತಾರೆಂಬುದು ನನಗೆ ಗೊತ್ತಿತ್ತು.

ಇನ್ನೊಂದನ್ನೂ ಇಲ್ಲಿಯೇ ಹೇಳಿಬಿಡಬೇಕು. ಆ ಹನ್ನೊಂದು ವರ್ಷವೂ ಮನೆಯಿಂದ ಹೊರಡುವ ಮುನ್ನ ನಾನು ಒಂದು ಲೋಟ ಬೆಚ್ಚಗಿನ ನೀರು ಕುಡಿದೇ ಹೋಗುತ್ತಿದ್ದೆ. ಗಂಟಲು ಒಣಗಿದರೆ ಉಚ್ಚಾರಣೆ ಕೆಡುತ್ತದೆ, ಉಚ್ಚಾರಣೆ ಕೆಟ್ಟರೆ ನಷ್ಟ ಕೇಳುವವರಿಗೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಬಂಗಾರಪೇಟೆಯ ಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷ ಕನ್ನಡ ಕಲಿಸಿ, ಮಕ್ಕಳ ಸಂಖ್ಯೆ ಇಳಿದು ಶಾಲೆ ಮುಚ್ಚಿದಾಗ ಹೊರಬಂದವಳು ನಾನು. ಉರಿಗಾಂನಿಂದ ದಿನವೂ ರೈಲಿನಲ್ಲಿ ಹೋಗಿಬರುವಾಗಲೂ ಬಾಯಲ್ಲಿ ಪಾಠವನ್ನು ಒಪ್ಪಗೊಳಿಸುತ್ತಿದ್ದೆ. ಶಾಲೆ ಹೋದ ಮೇಲೆ ನನ್ನ ಮಾತನ್ನು ಕೇಳುವ ಜಾಗವೆಂದು ಉಳಿದಿದ್ದು ವರ್ಷಕ್ಕೊಮ್ಮೆ ಸಿಗುವ ಆ ಇಪ್ಪತ್ತು ನಿಮಿಷ ಮಾತ್ರ.

ಈ ವರ್ಷ ಅದೂ ಹೋಯಿತು. ಹೋದದ್ದು, ಗಣಿಯವರಿಗೆಂದು ಕಟ್ಟಿದ ನಮ್ಮ ಮನೆಗಳ ಸಾಲಿನ ಕೊನೆಯ ಮನೆಯವಳಿಗೆ.

ಅವಳು ಕ್ಯಾಸಂಬಳ್ಳಿಯ ಕಡೆಯವಳು. ಮದುವೆಯಾಗಿ ನಮ್ಮ ಸಭೆಗೆ ಬಂದವಳು, ಈಗ ವಿಧವೆ. ಓದಿದ್ದು ಆರನೆಯ ತರಗತಿ. ಬೆಳಿಗ್ಗೆ ತರಕಾರಿ ಮಾರುತ್ತಾಳೆ, ಉಳಿದ ಹೊತ್ತೆಲ್ಲ ಪಕ್ಕದ ಮನೆಯ ಅಜ್ಜಿಯನ್ನು ನೋಡಿಕೊಳ್ಳುತ್ತಾಳೆ. ಅಜ್ಜಿ ಅವಳಿಗೆ ಬಂಧುವಲ್ಲ. ತೀರಿಹೋದ ಗಣಿಕಾರ್ಮಿಕರೊಬ್ಬರ ಹೆಂಡತಿ, ಮಕ್ಕಳಿಲ್ಲ, ಮೂರು ವರ್ಷದಿಂದ ಕಾಲು ಬಿದ್ದುಹೋಗಿ ಮಂಚ ಹಿಡಿದಿದ್ದಾರೆ. ಮಂಚವನ್ನು ಬಾಗಿಲಿಗೇ ಹಾಕಿಸಿಕೊಂಡು ಇಡೀ ಸಾಲಿನ ಮೇಲೆ ಕಣ್ಣಿಟ್ಟಿರುತ್ತಾರೆ. ಬಾಲ್ಯದಲ್ಲಿ ಭಾನುವಾರದ ಪಾಠಶಾಲೆಯಲ್ಲಿ ನನಗೆ ಪಾಠ ಹೇಳಿದವರು ಅವರೇ. ಅಚ್ಚುಮೆಚ್ಚಿನವರನ್ನು ಅವರು ತಮಿಳಿನ ರೂಢಿಯಲ್ಲಿ ‘ಕಣ್ಣು’ ಎಂದು ಕರೆಯುತ್ತಾರೆ. ಒಂದು ಕಾಲದಲ್ಲಿ ಆ ಕಣ್ಣು ನಾನಾಗಿದ್ದೆ.

ಈಗ ನಾನು ಹೋದರೆ, ಒಳಗೆ ಪಾತ್ರೆ ತೊಳೆಯುತ್ತಿರುವವಳನ್ನು ಕೂಗಿ ಹೇಳುತ್ತಾರೆ: “ಲೇ ಕಣ್ಣು, ಸೆರಗು ಸರಿ ಮಾಡ್ಕೊಳೇ, ಟೀಚರ್ ಬಂದವ್ರೆ!”

ನಾನು ವಾರಕ್ಕೊಮ್ಮೆ ಹೋಗಿ ಬೈಬಲಿನ ಒಂದು ಅಧ್ಯಾಯವನ್ನು ಸ್ಪಷ್ಟವಾಗಿ ಓದಿ ಹೇಳುತ್ತಿದ್ದೆ. ಅಜ್ಜಿ ಮೂರನೆಯ ವಾಕ್ಯಕ್ಕೆ ನಿದ್ದೆ ಹೋಗುತ್ತಿದ್ದರು. ಅವಳು ಬಂದು ಕಾಲು ತಿಕ್ಕಿದೊಡನೆ ಎದ್ದು ಕೂತು ಸೊಸೆಯ ಮೇಲೆ ಅತ್ತೆ ಜೋರು ಮಾಡುವಂತೆ ಜೋರು ಮಾಡುತ್ತಿದ್ದರು. ನನ್ನೊಂದಿಗೆ ಅವರು ಒಂದು ದಿನವೂ ಜೋರು ಮಾಡಲಿಲ್ಲ.

ನಮ್ಮ ಸಾಲಿಗೆ ಬೇತಮಂಗಲದ ಕೆರೆಯ ನೀರು ಬರುವುದು ಕೆಲವು ದಿನಗಳಿಗೊಮ್ಮೆ, ಬೆಳಿಗ್ಗೆ ಒಂದು ಗಂಟೆ ಹೊತ್ತು, ಬೀದಿಯ ಒಂದೇ ನಲ್ಲಿಯಲ್ಲಿ. ಕೊಡಗಳನ್ನು ಸಾಲಾಗಿ ಇಡುತ್ತೇವೆ, ಇಟ್ಟ ಕ್ರಮದಲ್ಲಿ ತುಂಬುತ್ತೇವೆ. ಅವಳು ಎಲ್ಲರಿಗಿಂತ ಮೊದಲು ಎದ್ದು ಬಂದು ಅಜ್ಜಿಯ ಕೊಡಗಳನ್ನು ಸಾಲಿನ ತಲೆಗೆ ಇಡುತ್ತಾಳೆ. ತನ್ನವನ್ನು ಕೊನೆಗೆ ಇಡುತ್ತಾಳೆ. ಒಬ್ಬರಿಗೆ ಎರಡು ಪಾಳಿ ಹಿಡಿಯುವ ಹಕ್ಕಿಲ್ಲ, ಅಜ್ಜಿಗೆ ಹಿಡಿದ ಮೇಲೆ ತನ್ನದು ಕಡೆಯದೇ ಆಗಬೇಕು ಎಂದು ಅವಳೇ ಮಾಡಿಕೊಂಡ ನಿಯಮ. ಎಷ್ಟೋ ಬೆಳಗು ಅವಳ ಕೊಡದ ಸರದಿ ಬರುವಷ್ಟರಲ್ಲಿ ನಲ್ಲಿ ಕೆಮ್ಮಿ ನಿಂತುಬಿಡುತ್ತಿತ್ತು.

“ಇವತ್ತೂ ನಿನ್ ಕೊಡ ಕಡೇಗಾ?” ಎಂದು ಅಜ್ಜಿ ಮಂಚದಿಂದಲೇ ಗದರುತ್ತಿದ್ದರು. “ನೀರ್ ನಿಂತೋದ್ರೆ ಏನ್ ಮಾಡ್ತೀಯೇ?”

“ನಿಂತೋದ್ರೆ ನಿನ್ ಕೊಡಕ್ಕೇ ಕನ್ನ ಆಕ್ತೀನಿ, ಸುಮ್ನಿರಜ್ಜಿ.”

ಹಾಗೆಂದರೂ ಅವಳು ಅಜ್ಜಿಯ ಕೊಡದಿಂದ ಒಂದು ಚೊಂಬನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಬಿಸಿಲಲ್ಲಿ ದೂರದ ಕೊಳವೆಬಾವಿಗೆ ನಡೆಯುತ್ತಿದ್ದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ನನ್ನ ಕೊಡಗಳು ಸಾಲಿನ ನಡುವೆ ಇರುತ್ತಿದ್ದವು, ತುಂಬುತ್ತಿದ್ದವು.

ಹೋದ ವರ್ಷ ನಮ್ಮ ಸಭೆಗೆ ಹೊಸದಾಗಿ ಬಂದ ಸಭಾಪಾಲಕರು ಅಜ್ಜಿಗೆ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡಲೆಂದು ಈ ವರ್ಷ ಒಂದು ಬೆಳಿಗ್ಗೆ ಮನೆಗೆ ಬಂದಾಗ ಈ ಕೊಡಗಳ ಸಾಲನ್ನು ಕಣ್ಣಾರೆ ಕಂಡರು. ಮುಂದಿನ ಭಾನುವಾರ ಏಳು ಮಂದಿಯ ಹೆಸರು ಓದಿದಾಗ ಐದನೆಯದು ನನ್ನದಾಗಿರಲಿಲ್ಲ. ಆರಾಧನೆಯ ನಂತರ ನನ್ನನ್ನು ಪಕ್ಕಕ್ಕೆ ಕರೆದು, “ಬಾಯಾರಿಕೆಯ ಮಾತನ್ನು ಈ ಸಲ ನೀರು ಹೊರುವವರೇ ಆಡಲಿ ಅನ್ನಿಸಿತು, ಟೀಚರ್. ಆಕೆಗೆ ಬರೆಯಲು ಬರುವುದಿಲ್ಲ. ನೀವು ಸ್ವಲ್ಪ ಬರೆದುಕೊಡಿ. ನಿಮಗಿಂತ ಯಾರು ಚೆನ್ನಾಗಿ ಬರೆದಾರು?” ಎಂದರು. ನಾನು ಒಪ್ಪಿಕೊಂಡದ್ದನ್ನು ಅವರು ಅಲ್ಲಿಯೇ ನಾಲ್ಕು ಜನಕ್ಕೆ ಸಾರಿದರು. ಎಲ್ಲರೂ ನನ್ನ ದೊಡ್ಡತನವನ್ನು ಹೊಗಳಿದರು.

ಮೂರು ದಿನ ಕೂತು ಬರೆದೆ. ಪ್ರಾಮಾಣಿಕವಾಗಿ ಬರೆದೆನೆಂದೇ ಮೊದಲು ಅಂದುಕೊಂಡಿದ್ದೆ. ಪರಾರ್ಥ ಸಮರ್ಪಣೆ, ತೃಷಾರ್ತ, ಸ್ವಾರ್ಥನಿರಸನ. ವಾಕ್ಯದೊಳಗೆ ವಾಕ್ಯ, ಅದರೊಳಗೆ ಇನ್ನೊಂದು. ಎರಡನೆಯ ಪುಟದ ನಡುವೆ ಒಂದು ಕಡೆ ‘ಬಾಯಾರಿದವರು’ ಎಂದು ಬರೆದಿದ್ದೆ. ಅದನ್ನು ಹೊಡೆದು ‘ಪಿಪಾಸಾಪೀಡಿತರು’ ಎಂದು ತಿದ್ದಿದೆ. ತಿದ್ದುವಾಗ ಅವಳ ನಾಲಿಗೆ ತೊಡರುವುದು ನನ್ನ ಕಣ್ಣ ಮುಂದಿತ್ತು. ಅಲ್ಲಿ ಪೆನ್ನನ್ನು ಕೆಳಗಿಡಬಹುದಾಗಿತ್ತು. ಇಡಲಿಲ್ಲ.

ಹಾಳೆಗಳನ್ನು ಅವಳು ಎರಡೂ ಕೈಯೊಡ್ಡಿ ತೆಗೆದುಕೊಂಡಳು. “ಅಕ್ಕಾ, ಮೂರ್ ಪುಟ ನನ್ಗೋಸ್ಕರ ಬರ್ದ್ರಾ? ನಮ್ಮಪ್ಪನ ಮನೇಲೂ ನನ್ಗೆ ಯಾರೂ ಇಷ್ಟ್ ಮಾಡಿಲ್ಲ.”

“ನಿಧಾನವಾಗಿ ಓದಿದರೆ ಬರುತ್ತದೆ” ಎಂದೆ.

ಆಮೇಲಿನ ಎರಡು ವಾರ, ತರಕಾರಿ ಮಾರಿ ಬಂದ ಮೇಲೆ ಅವಳು ಅಜ್ಜಿಯ ಮಂಚದ ಬಳಿ ಕೂತು ಆ ಹಾಳೆಗಳನ್ನು ಓದುವುದು ನನ್ನ ಮನೆಯವರೆಗೆ ಕೇಳುತ್ತಿತ್ತು. ಒಂದೊಂದು ಪದವನ್ನೂ ಬಂಡೆ ಎತ್ತಿ ಪಕ್ಕಕ್ಕೆ ಇಡುವಂತೆ ಓದುತ್ತಿದ್ದಳು.

ಶುಭ ಶುಕ್ರವಾರದ ಬೆಳಿಗ್ಗೆ ನನಗೆ ಮಾತನಾಡುವುದಿರಲಿಲ್ಲ, ಕಾಪಾಡಿಕೊಳ್ಳಬೇಕಾದ ಉಚ್ಚಾರಣೆಯೂ ಇರಲಿಲ್ಲ. ಆದರೂ ಹೊರಡುವ ಮುನ್ನ ಕೈ ಲೋಟಕ್ಕೆ ಹೋಯಿತು. ಕುಡಿದೆ.

ಒಂದೂಮುಕ್ಕಾಲರ ಹೊತ್ತಿಗೆ ಅವಳು ಎದ್ದಳು. ಇಸ್ತ್ರಿ ಮಾಡಿದ ಬಿಳಿಯ ಸೀರೆ, ಒಣಗಿದ ತುಟಿ. ಮೊದಲ ವಾಕ್ಯದಲ್ಲಿಯೇ ಎಡವಿದಳು, ಹಿಂದಕ್ಕೆ ಹೋದಳು, ಮತ್ತೆ ಓದಿದಳು. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಬೀಸಣಿಗೆಗಳ ಸದ್ದು ಜೋರಾಗಿತ್ತು. ನಾನು ತಿದ್ದಿದ್ದ ಆ ಪದದ ಬಳಿ ಬಂದು ನಿಂತಳು. ‘ಪಿಪಾ’ ಎಂದಳು. ಮತ್ತೆ ‘ಪಿಪಾ’ ಎಂದಳು. ಹೆಂಗಸರ ಬೆಂಚಿನಲ್ಲಿ ಯಾರೋ ನಕ್ಕರು. ಇನ್ಯಾರೋ ತಮಿಳಿನಲ್ಲಿ, “ಪೀಪಾಯಿ ಉರುಳ್ತಾ ಇದೆ” ಎಂಬರ್ಥದ ಮಾತೊಂದನ್ನು ಪಿಸುಗುಟ್ಟಿದರು, ನಗು ಎರಡು ಸಾಲಿಗೆ ಹಬ್ಬಿತು. ನಾನು ಬಯಸಿದ್ದು ಅಚ್ಚುಕಟ್ಟಾಗಿ ನಡೆಯುತ್ತಿತ್ತು. ಅದರ ರುಚಿ ನನಗೆ ಒಂದು ಕ್ಷಣ ಸಿಹಿಯಾಗಿಯೇ ಇತ್ತೆಂದು ಬರೆಯದಿದ್ದರೆ ಈ ಬರಹ ಸುಳ್ಳಾಗುತ್ತದೆ.

ಅವಳು ಒಂದು ಪದವನ್ನೂ ಬಿಡದೆ ಮೂರೂ ಪುಟ ಮುಗಿಸಿದಳು. ಹಾಳೆ ಮಡಿಸಿಕೊಂಡು, ಮುಖವೆತ್ತಿ, ತನ್ನ ಮಾತಿನಲ್ಲಿ ಹೇಳಿದಳು: “ಟೀಚರಕ್ಕ ಬಂಗಾರದಂಗೆ ಬರ್ದು ಕೊಟ್ಟಿದ್ರು. ನನ್ ನಾಲ್ಗೆಗೆ ಒಗ್ಗಲಿಲ್ಲ. ತಪ್ಪೆಲ್ಲ ನಂದು. ಅವ್ರ್ನ ಏನೂ ಅನ್ಕೋಬೇಡಿ.”

ಸಭೆಯ ತಲೆಗಳೆಲ್ಲ ನನ್ನ ಕಡೆಗೆ ತಿರುಗಿದವು, ಕನಿಕರದಿಂದ. ಪಾಪ, ಟೀಚರ್ ಪಟ್ಟ ಶ್ರಮ ಮಣ್ಣುಪಾಲಾಯಿತು ಎಂಬ ಕನಿಕರ.

ಮೂರು ಗಂಟೆಗೆ ಅವಳು ಕೊಡದ ಬಳಿ ನಿಂತಳು. ನಾನು ಬೇಕೆಂದೇ ಸಾಲಿನ ಕೊನೆಗೆ ನಿಂತೆ. ನನ್ನ ಮುಂದಿದ್ದವರೆಲ್ಲ ಕುಡಿದು ಅಂಗಳದ ಹೊಂಗೆಮರದ ನೆರಳಿಗೆ ಹೋದ ಮೇಲೆ, ತಗ್ಗಿದ ದನಿಯಲ್ಲಿ ಹೇಳಿದೆ: “ಅಷ್ಟು ಕಷ್ಟದ ಪದಗಳನ್ನು ನಾನು ಬೇಕೆಂದೇ ಹಾಕಿದೆ.”

“ಗೊತ್ತಕ್ಕ” ಎಂದಳು.

“ಗೊತ್ತೆ?”

“ಮೊದ್ಲನೇ ದಿನಾನೇ ಅಜ್ಜಿ ಅಂದ್ರು. ಇದು ನಿನ್ನ ಬೀಳ್ಸಕ್ಕೆ ಬರ್ದಿರೋದು ಕಣೇ, ಅರ್ದು ಒಲೆಗಾಕು, ಬಾಯಿಗ್ ಬಂದದ್ದು ನಾಲ್ಕ್ ಮಾತಾಡಿ ಬಾ ಅಂತ. ನಾನೇ ಬ್ಯಾಡ ಅಂದೆ.”

“ಮತ್ತೆ ಯಾಕೆ ಓದಿದೆ?”

“ನೀವು ಬರ್ದಿದೀರ ಅಂತ ಅಯ್ಯನೋರು ಊರಿಗೆಲ್ಲ ಸಾರ್ಬಿಟ್ಟಿದ್ರಲ್ಲಕ್ಕ. ನಾನು ಬಿಟ್ರೆ, ಯಾಕ್ ಬಿಟ್ಟೆ, ತೋರ್ಸು ಅಂತಾರೆ. ನೋಡಿದ್ರೆ ನಿಮ್ ಮರ್ಯಾದೆ ಓಗ್ತದೆ. ನನ್ಗೇನ್, ತರ್ಕಾರಿ ಮಾರೋಳು, ನಗ್ತಾರೆ, ನಾಳೆ ಮರೀತಾರೆ.” ಆಮೇಲೆ ಕೊಡ ಬಗ್ಗಿಸಿದಳು. “ಕುಡೀರಿ.”

ಕೊಡದಲ್ಲಿ ಉಳಿದಿದ್ದು ಒಂದೇ ಲೋಟ. ಅದು ನನಗೆ ಬಂದಿತ್ತು, ಅವಳ ಪಾಲಿಗೆ ತಳದ ತೇವವೂ ಇರಲಿಲ್ಲ. ಬೇರೆಯವರು ತುಂಬಿಸಿಕೊಟ್ಟ ಕೊಡದಲ್ಲಿಯೂ ಅವಳ ಸರದಿಗೆ ನೀರು ಮುಗಿದಿತ್ತು. “ನೀನು ಕುಡಿ” ಎಂದು ಲೋಟವನ್ನು ಅವಳತ್ತ ತಳ್ಳಿದೆ.

“ಕೊಡೋಳು ಮೊದ್ಲು ಕುಡಿಯಂಗಿಲ್ಲ. ಅನ್ನೊಂದ್ ವರ್ಷ ನೀವೇ ತೋರ್ಸಿಕೊಟ್ಟಿರೋದು” ಎಂದು ನಕ್ಕಳು. ಒಣ ತುಟಿ ಬಿರಿದು ಒಂದು ಹನಿ ರಕ್ತ ಕಂಡಿತು.

ಲೋಟವನ್ನು ಅವಳಿಗೇ ಬಿಟ್ಟು ಹೋಗಬಹುದಿತ್ತು. ಆಗ ತ್ಯಾಗ ನನ್ನದಾಗುತ್ತಿತ್ತು, ಮತ್ತೆ ನಾನೇ ದೊಡ್ಡವಳಾಗುತ್ತಿದ್ದೆ. ಅಂಗಳದವರೆಲ್ಲ ನೋಡುತ್ತಿದ್ದರು. ಅವಳ ಕೈಯಿಂದ ತೆಗೆದುಕೊಳ್ಳುವುದೇ ನನಗೆ ಆ ಹೊತ್ತಿನಲ್ಲಿ ಸಾಧ್ಯವಿಲ್ಲದ ಕೆಲಸವಾಗಿತ್ತು, ಆದ್ದರಿಂದ ಅದನ್ನೇ ಮಾಡಿದೆ. ಕೊನೆಯ ಹನಿಯವರೆಗೆ ಕುಡಿದೆ. ನನಗೆ ಬಾಯಾರಿರಲಿಲ್ಲ. ಬೆಳಿಗ್ಗೆ ಕುಡಿದ ನೀರು ಇನ್ನೂ ಹೊಟ್ಟೆಯಲ್ಲಿತ್ತು.

ಅಷ್ಟಾದರೂ ಹೊಟ್ಟೆಕಿಚ್ಚು ಹೋಯಿತೆಂದು ಹೇಳಲಾರೆ. ಮನೆಗೆ ನಡೆಯುವಾಗ ಅದು ಇನ್ನಷ್ಟು ಉರಿಯುತ್ತಿತ್ತು. ನೀರು ಹೊರುವುದು ಅವಳದು, ಅಜ್ಜಿಯ ಬೈಗುಳ ಅವಳದು, ಐದನೆಯ ಮಾತು ಅವಳದು. ಕಡೆಗೆ ನನ್ನ ತಪ್ಪನ್ನು ಹೊರುವುದೂ ಅವಳ ಪಾಲಿಗೇ ಬಂತಲ್ಲ, ಅದನ್ನಾದರೂ ನನಗೆ ಬಿಡಬಾರದಿತ್ತೆ?

ಮುಂದಿನ ಭಾನುವಾರ, ಕಷ್ಟದ ಪದಗಳನ್ನು ಬೇಕೆಂದೇ ಹಾಕಿದ್ದೆನೆಂದು ಸಭಾಪಾಲಕರಿಗೆ ಹೇಳಿದೆ. ಅವರು “ಆಕೆಗೆ ಹೇಳಿದಿರಾ?” ಎಂದು ಮಾತ್ರ ಕೇಳಿದರು. “ಹೇಳಿದೆ, ಆಕೆಗೆ ಮೊದಲೇ ಗೊತ್ತಿತ್ತು” ಎಂದೆ.

ಅದಾದ ಮೇಲೆ ನೀರು ಬಂದ ಮೊದಲ ಬೆಳಿಗ್ಗೆ ನಾನು ಬೇಗ ಎದ್ದು ಹೋದೆ. ಅಜ್ಜಿಯ ಕೊಡಗಳು ಆಗಲೇ ಸಾಲಿನ ತಲೆಯಲ್ಲಿದ್ದವು, ಅಲ್ಲಿಯೂ ಅವಳು ನನಗಿಂತ ಮೊದಲು. ಅವಳ ಕೊಡಗಳು ಕೊನೆಯಲ್ಲಿದ್ದವು. ನಾನು ನನ್ನವನ್ನು ಅವಳ ಕೊಡಗಳ ಹಿಂದೆ ಇಟ್ಟೆ. ಅವಳ ಎರಡನೆಯ ಕೊಡ ತುಂಬಿದೊಡನೆ ನಲ್ಲಿ ಕೆಮ್ಮಿ ನಿಂತಿತು. ಖಾಲಿ ಕೊಡಗಳನ್ನು ಎತ್ತಿಕೊಂಡು, ಯಾರಾದರೂ ನೋಡಿದರೇ ಎಂದು ನಾನು ಸುತ್ತಲೂ ಕಣ್ಣಾಡಿಸಿದೆ.

ಬಾಗಿಲ ಮಂಚದಿಂದ ಅಜ್ಜಿಯ ದನಿ ಬಂತು: “ನೋಡ್ದೆ ಬಿಡಿ ಟೀಚರ್, ನೋಡ್ದೆ.”