ಮೊಮ್ಮಗಳ ಮೊಣಕಾಲು ಮತ್ತು ನಾನು ಬರೆಸಿದ ಜನ್ಮದಿನ

ಯಲಬುರ್ಗಾ ತಾಲ್ಲೂಕು ಕ್ರೀಡಾಕೂಟದಲ್ಲಿ ನನ್ನ ಮೊಮ್ಮಗಳು ಬಿದ್ದದ್ದು ಶನಿವಾರ ಎಂದೇ ನೆನಪಿತ್ತು. ದಿನಚರಿ ತೆರೆದು ನೋಡಿದರೆ ಶುಕ್ರವಾರ. ಈ ವ್ಯತ್ಯಾಸ ಸಣ್ಣದಲ್ಲ. ಕೊಪ್ಪಳದ ಎಲುಬಿನ ವೈದ್ಯರಲ್ಲಿಗೆ ಅವಳನ್ನು ಕರೆದೊಯ್ದದ್ದು ಸೋಮವಾರ. ಅಂದರೆ ಊದಿದ ಮೊಣಕಾಲಿಗೆ ಅರಿಶಿನದ ಪಟ್ಟು ಹಾಕಿ, ನಾಳೆಗೆ ಇಳಿದೀತೆಂದು ನಾನು ಕಳೆದದ್ದು ಎರಡು ದಿನವಲ್ಲ, ಮೂರು.

ಹೊರಗಿನ ಬೆಂಚಿನ ಮೇಲೆ ನನ್ನಂಥ ಮುದುಕರೇ ಇರುತ್ತಾರೆಂದು ಭಾವಿಸಿದ್ದೆ. ಇದ್ದವರು ಶಾಲೆಯ ಮಕ್ಕಳು. ವಾಲಿಬಾಲ್ ಆಡುತ್ತ ಪಾದ ಹೊರಳಿಸಿಕೊಂಡವನು, ದಿನವೂ ಬಿಡುವಿಲ್ಲದೆ ಬೌಲಿಂಗ್ ಮಾಡಿ ಸೊಂಟ ಹಿಡಿದುಕೊಂಡವನು, ಹಳೆಯ ಉಳುಕು ಮಾಯುವ ಮೊದಲೇ ಮತ್ತೆ ಓಡಿದ ಖೋಖೋ ಹುಡುಗಿ. ಕ್ರೀಡಾಕೂಟಗಳು ಶುರುವಾದರೆ ಸೋಮವಾರದ ಬೆಂಚು ಹೀಗೆಯೇ ತುಂಬುತ್ತದೆ ಎಂದಳು ಚೀಟಿ ಬರೆಯುವವಳು.

ವೈದ್ಯರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಮೊಮ್ಮಗಳನ್ನು ಕೇಳಿದರು: “ಎಷ್ಟು ವಯಸ್ಸವ್ವಾ?”

“ಹದಿನೈದು ನಡದೈತ್ರಿ.” ಶಾಲೆಯ ದಾಖಲೆಯ ಪ್ರಕಾರ ಅದು ಸರಿ.

“ಎಲುಬು ನೋಡಿದ್ರ ಹಂಗ ಕಾಣವಲ್ದು. ಯಾರ ಜೋಡಿ ಆಡಿದಿ?”

“ಹದಿನೇಳರೊಳಗಿನವರ ಕಬಡ್ಡಿರಿ. ಹಿಡದಾಕಿ ನನ್ನ ಎರಡರಷ್ಟ ಇದ್ಲರಿ. ಮ್ಯಾಲ ಬಿದ್ಲು ನೋಡ್ರಿ, ಕಾಲ ಮ್ಯಾಲ ಆಟೋ ಹತ್ತಿದಂಗಾತು.”

ವೈದ್ಯರು ನಗಲಿಲ್ಲ. ನನ್ನತ್ತ ತಿರುಗಿದರು. “ಯಜಮಾನ್ರ, ಮೊಣಕಾಲ ಕಡೆ ತೊಡಿ ಎಲುಬು ಬೆಳಿಯೋ ತುದಿಗೇ ಪೆಟ್ಟಾಗೈತ್ರಿ. ಹುಡುಗ್ಯಾರಿಗೆ ಹದಿನೈದರ ಹೊತ್ತಿಗೆ ಬೆಳಿಯೋದು ಮುಗೀತಾ ಬಂದಿರತೈತಿ. ಇನ್ನಾ ಸಣ್ಣಾಕಿ ಆಗಿದ್ರ ಕಾಲು ಗಿಡ್ಡಾಗೋ, ಸೊಟ್ಟಾಗೋ ಅಂಜಿಕಿ ಹೆಚ್ಚು. ಖರೇ ವಯಸ್ಸು ಹೇಳ್ರಿ.”

ಶಾಸನಗಳ ತಿಥಿ, ವಾರಗಳನ್ನು ತಾಳೆ ನೋಡುವುದರಲ್ಲೇ ಸೇವಾವಧಿ ಕಳೆದವನು ನಾನು. ಆದರೆ ಈ ಮಗುವನ್ನು ಒಂದನೆಯ ತರಗತಿಗೆ ಸೇರಿಸಲು ವಯಸ್ಸು ಸಾಲದಾದಾಗ, ವರ್ಷ ವ್ಯರ್ಥವಾಗಬಾರದೆಂದು ಹನ್ನೊಂದು ತಿಂಗಳು ಹಿಂದಿನ ಜನ್ಮದಿನವನ್ನು ಬರೆಸಿದವನೂ ನಾನೇ. ಮನೆಯಲ್ಲಿ ಹುಟ್ಟಿದ ಕೂಸು. ನಾನು ಬರೆದುಕೊಟ್ಟ ಪ್ರಮಾಣಪತ್ರವೇ ಸಾಕಾಯಿತು. ನಮ್ಮ ಕಡೆ ಅದನ್ನು ಯಾರೂ ಸುಳ್ಳೆಂದು ಎಣಿಸುವುದಿಲ್ಲ. ಆ ಹನ್ನೊಂದು ತಿಂಗಳೇ ಅವಳನ್ನು ಹದಿನಾಲ್ಕರೊಳಗಿನವರ ತಂಡದಿಂದ ಹೊರಗೆ ತಳ್ಳಿ, ಮೈ ತುಂಬಿದ ಹುಡುಗಿಯರ ನಡುವೆ, ಗರಸು ಮಣ್ಣಿನ ಗಟ್ಟಿ ಅಂಕಣದಲ್ಲಿ ನಿಲ್ಲಿಸಿದ್ದವು. ವೈದ್ಯರ ಎದುರು ಕುಳಿತಾಗಲೇ ಇದು ನನಗೆ ಹೊಳೆದದ್ದು.

ಹೇಳಿದರೆ ಅವಳ ಶಾಲಾ ದಾಖಲೆಗಳೆಲ್ಲ ಪ್ರಶ್ನೆಗೆ ಒಳಗಾದಾವು, ಹೇಳದಿದ್ದರೆ ಕಾಲು.

“ಹದಿನಾಲ್ಕು ಇನ್ನಾ ತುಂಬಿಲ್ರಿ,” ಎಂದೆ. “ತಾರೀಖು ನಾನ ಬದಲಿ ಬರಸೀನಿ.”

ವೈದ್ಯರು ಬರೆದದ್ದನ್ನು ಹೊಡೆದುಹಾಕಿ ಬೇರೆ ಚೀಟಿ ಬರೆದರು: ಪ್ಲಾಸ್ಟರ್, ಆಟ ಪೂರ್ತಿ ಬಂದ್, ಬೆಳವಣಿಗೆ ನಿಲ್ಲುವ ತನಕ ಆಗಾಗ ಎಕ್ಸ್‌ರೇ.

“ಕಾಲು ನೆಟ್ಟಗ ಬೆಳಿತೈತೇನ್ರಿ?”

“ಈಗ ಹೇಳಾಕ ಬರಂಗಿಲ್ರಿ. ನೋಡಕೊಂತ ಹೋಗಬೇಕು.”

ಮರಳುವಾಗ ಜೀಪಿನಲ್ಲಿ, ಪ್ಲಾಸ್ಟರ್ ಹಾಕಿದ ಕಾಲನ್ನು ನನ್ನ ತೊಡೆಯ ಮೇಲೆ ಚಾಚಿಕೊಂಡು ಮೊಮ್ಮಗಳು ಅಂದಳು: “ಅಜ್ಜಾ, ಪೇಪರಿನ್ಯಾಗ ಯಾವ್ದೋ ರಾಜನ ಇಸ್ವಿ ತಪ್ಪಿದ್ರ ಪತ್ರ ಬರದ ಬರೀತಿ. ನಂದು ಹ್ಯಾಂಗ ಬಿಟ್ಟಿ?” ತುಸು ದೂರ ಹೋದ ಮೇಲೆ ಮೆಲ್ಲಗೆ ಕೇಳಿದಳು: “ಹಂಗಾರ ನಾ ನನ್ನಷ್ಟ ಇದ್ದ ಹುಡುಗ್ಯಾರ ಜೋಡಿ ಆಡಬಹುದಿತ್ತಲ್ಲ?”

ಶಾಲೆಗೆ ತಿದ್ದುಪಡಿಯ ಅರ್ಜಿ ಕೊಟ್ಟಿದ್ದೇನೆ. ಪ್ಲಾಸ್ಟರ್ ಬಿಚ್ಚಿಯಾಗಿದೆ, ಅವಳು ನಡೆಯುತ್ತಾಳೆ. ಪ್ರತಿ ಭಾನುವಾರ ಅವಳನ್ನು ಚಾಪೆಯ ಮೇಲೆ ಮಲಗಿಸಿ, ದರ್ಜಿಯ ಟೇಪು ಹಿಡಿದು ಎರಡೂ ಕಾಲು ಅಳೆದು ದಿನಚರಿಯಲ್ಲಿ ಬರೆದಿಡುತ್ತೇನೆ. ಕಳೆದ ವಾರದವರೆಗೂ ಎರಡೂ ಸಮ. ಈ ಭಾನುವಾರ ಪೆಟ್ಟಾದ ಎಡಗಾಲು ಒಂದು ನೂಲಿನಷ್ಟು ಕಡಿಮೆ ಬಂತು.

“ಟೇಪು ಸಡ್ಲಾಗಿರಬೇಕು, ಅಜ್ಜಾ. ಇನ್ನೊಮ್ಮಿ ಅಳಿ,” ಎಂದಳು.

ನಾನು ಟೇಪು ಸುತ್ತಿಟ್ಟೆ. ದಿನಚರಿಯಲ್ಲಿ ಭಾನುವಾರದ ಜಾಗ ಇನ್ನೂ ಖಾಲಿ ಇದೆ.